ಅಂತರರಾಷ್ಟ್ರೀಯ ಚಲನಚಿತ್ರೋತ್ಸವಗಳಲ್ಲಿ ಪ್ರಶಸ್ತಿ ಪಡೆದ ಕನ್ನಡ ಚಲನಚಿತ್ರಗಳು

ಕನ್ನಡ ಭಾಷೆಯ ಕೆಲವು ಚಲನಚಿತ್ರಗಳು 1970ರ ದಶಕದಿಂದೀಚೆಗೆ ವಿದೇಶಗಳಲ್ಲಿಯೂ ಭಾರತದಲ್ಲಿಯೂ ನಡೆಯುವ ಅಂತರರಾಷ್ಟ್ರೀಯ ಚಲನಚಿತ್ರೋತ್ಸವಗಳಲ್ಲಿ ಪ್ರಶಸ್ತಿಗಳನ್ನು ಗಳಿಸಿವೆ. ಇವುಗಳಲ್ಲಿ ಸ್ವಿಟ್ಜರ್‌ಲೆಂಡಿನ ಲೊಕಾರ್ನೊ ಉತ್ಸವದಲ್ಲಿ 1972ರಲ್ಲಿ 'ಸಂಸ್ಕಾರ' ಚಿತ್ರಕ್ಕೆ ದೊರೆತ ಕಂಚಿನ ಚಿರತೆ ಪ್ರಶಸ್ತಿ, ಅದೇ ಉತ್ಸವದಲ್ಲಿ 2015ರಲ್ಲಿ 'ತಿಥಿ' ಚಿತ್ರಕ್ಕೆ ದೊರೆತ ಎರಡು ಪ್ರಶಸ್ತಿಗಳು, ದಕ್ಷಿಣ ಕೊರಿಯದ ಬುಸಾನ್ ಉತ್ಸವದಲ್ಲಿ 2022ರಲ್ಲಿ 'ಶಿವಮ್ಮ' ಚಿತ್ರಕ್ಕೆ ದೊರೆತ ನ್ಯೂ ಕರೆಂಟ್ಸ್ ಪ್ರಶಸ್ತಿ ಹಾಗೂ ಫ್ರಾನ್ಸಿನ ಕಾನ್ ಉತ್ಸವದ ವಿದ್ಯಾರ್ಥಿ ಚಿತ್ರಗಳ ವಿಭಾಗದಲ್ಲಿ 2024ರಲ್ಲಿ ಮೈಸೂರಿನ ಚಿದಾನಂದ ಎಸ್. ನಾಯ್ಕ ಅವರ ಕಿರುಚಿತ್ರಕ್ಕೆ ದೊರೆತ ಪ್ರಥಮ ಬಹುಮಾನ ಮುಖ್ಯವಾದವು. ಈ ಲೇಖನವು ಅಂತಹ ಪ್ರಮುಖ ಚಿತ್ರಗಳ ಹಿನ್ನೆಲೆ, ಅವು ಪಡೆದ ಪ್ರಶಸ್ತಿಗಳ ಸ್ವರೂಪ ಮತ್ತು ಅವುಗಳ ಸಾಮಾನ್ಯ ಲಕ್ಷಣಗಳನ್ನು ವಿವರಿಸುತ್ತದೆ.

ಚಲನಚಿತ್ರೋತ್ಸವಗಳ ಸ್ವರೂಪ

ಚಲನಚಿತ್ರೋತ್ಸವವೆಂದರೆ ಒಂದು ನಗರದಲ್ಲಿ ನಿಗದಿತ ದಿನಗಳ ಕಾಲ ಆಯ್ದ ಚಿತ್ರಗಳನ್ನು ಪ್ರದರ್ಶಿಸುವ ಕಾರ್ಯಕ್ರಮ. ಇಟಲಿಯ ವೆನಿಸ್ ನಗರದಲ್ಲಿ 1932ರಲ್ಲಿ ಆರಂಭವಾದ ಉತ್ಸವವು ಜಗತ್ತಿನ ಅತ್ಯಂತ ಹಳೆಯ ಚಲನಚಿತ್ರೋತ್ಸವವೆಂದು ಪರಿಗಣಿತವಾಗಿದೆ. ಕಾನ್ ಮತ್ತು ಲೊಕಾರ್ನೊ ಉತ್ಸವಗಳು 1946ರಲ್ಲಿ ಪ್ರಾರಂಭವಾದವು. ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವವು 1952ರಲ್ಲಿ ಮೊದಲ ಬಾರಿಗೆ ನಡೆಯಿತು. ಬುಸಾನ್ ಉತ್ಸವ 1996ರಲ್ಲಿ ಹುಟ್ಟಿಕೊಂಡಿತು.

ಉತ್ಸವಕ್ಕೆ ಬರುವ ಚಿತ್ರಗಳನ್ನು ಸಾಮಾನ್ಯವಾಗಿ ಎರಡು ಹಂತಗಳಲ್ಲಿ ಪರಿಶೀಲಿಸಲಾಗುತ್ತದೆ. ಮೊದಲ ಹಂತದಲ್ಲಿ ಆಯ್ಕೆ ಸಮಿತಿಯು ಅರ್ಜಿ ಸಲ್ಲಿಸಿದ ಚಿತ್ರಗಳನ್ನು ನೋಡಿ ಪ್ರದರ್ಶನಕ್ಕೆ ಅರ್ಹವಾದವನ್ನು ಆರಿಸುತ್ತದೆ. ಹೀಗೆ ಆಯ್ಕೆಯಾದ ಚಿತ್ರಗಳೆಲ್ಲವೂ ಸ್ಪರ್ಧೆಯಲ್ಲಿರುವುದಿಲ್ಲ. ಸ್ಪರ್ಧಾ ವಿಭಾಗಕ್ಕೆ ಸೇರಿದ ಚಿತ್ರಗಳನ್ನು ಮಾತ್ರ ಎರಡನೆಯ ಹಂತದಲ್ಲಿ ತೀರ್ಪುಗಾರರ ಮಂಡಳಿಯು ನೋಡಿ ಬಹುಮಾನಗಳನ್ನು ನಿರ್ಧರಿಸುತ್ತದೆ. ದೊಡ್ಡ ಉತ್ಸವಗಳಲ್ಲಿ ಒಂದಕ್ಕಿಂತ ಹೆಚ್ಚು ಸ್ಪರ್ಧಾ ವಿಭಾಗಗಳಿರುತ್ತವೆ. ಉದಾಹರಣೆಗೆ, ಲೊಕಾರ್ನೊದಲ್ಲಿ ಮುಖ್ಯ ಸ್ಪರ್ಧೆಯಲ್ಲದೆ ಹೊಸ ನಿರ್ದೇಶಕರಿಗಾಗಿ 'ವರ್ತಮಾನದ ಚಿತ್ರಕಾರರು' ಎಂಬ ಅರ್ಥದ 'ಚಿನೆಯಾಸ್ತಿ ದೆಲ್ ಪ್ರೆಸೆಂತೆ' ಎಂಬ ಮತ್ತೊಂದು ಸ್ಪರ್ಧೆಯಿದೆ. ಬುಸಾನ್ ಉತ್ಸವದ ನ್ಯೂ ಕರೆಂಟ್ಸ್ ವಿಭಾಗವು ಏಷ್ಯಾದ ನಿರ್ದೇಶಕರ ಮೊದಲ ಅಥವಾ ಎರಡನೆಯ ಕಥಾಚಿತ್ರಗಳಿಗೆ ಮೀಸಲಾಗಿತ್ತು. ಕಾನ್ ಉತ್ಸವದ 'ಲಾ ಸಿನೆಫ್' ವಿಭಾಗವು ಚಲನಚಿತ್ರ ಶಾಲೆಗಳ ವಿದ್ಯಾರ್ಥಿಗಳು ಮಾಡಿದ ಚಿತ್ರಗಳಿಗೆ ಸಂಬಂಧಿಸಿದುದು. ಇದು 1998ರಲ್ಲಿ 'ಸಿನೆಫೊಂದಾಸಿಯೊನ್' ಎಂಬ ಹೆಸರಿನಲ್ಲಿ ಸ್ಥಾಪನೆಯಾಯಿತು.

ಉತ್ಸವದ ಅಧಿಕೃತ ತೀರ್ಪುಗಾರರ ಪ್ರಶಸ್ತಿಗಳಲ್ಲದೆ, ಅಂತರರಾಷ್ಟ್ರೀಯ ಚಲನಚಿತ್ರ ವಿಮರ್ಶಕರ ಒಕ್ಕೂಟವಾದ 'ಫಿಪ್ರೆಸ್ಕಿ'ಯಂತಹ ಸ್ವತಂತ್ರ ಸಂಸ್ಥೆಗಳು ತಮ್ಮದೇ ಆದ ತೀರ್ಪುಗಾರರ ಮೂಲಕ ಪ್ರಶಸ್ತಿ ನೀಡುತ್ತವೆ. ಕೆಲವು ಉತ್ಸವಗಳಲ್ಲಿ ಪ್ರೇಕ್ಷಕರ ಮತದಿಂದ ನಿರ್ಧಾರವಾಗುವ ಪ್ರಶಸ್ತಿಯೂ ಇರುತ್ತದೆ.

ಹಿನ್ನೆಲೆ

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರಲ್ಲಿ ತೆರೆಕಂಡಿತು. ಅನಂತರದ ಮೂರು ದಶಕಗಳಲ್ಲಿ ಕನ್ನಡ ಚಿತ್ರಗಳು ಬಹುಮಟ್ಟಿಗೆ ಪೌರಾಣಿಕ, ಐತಿಹಾಸಿಕ ಮತ್ತು ಕೌಟುಂಬಿಕ ವಸ್ತುಗಳನ್ನು ಅವಲಂಬಿಸಿದ್ದವು. ಪುಟ್ಟ ಉದ್ಯಮವಾಗಿದ್ದ ಅದಕ್ಕೆ ಕರ್ನಾಟಕದ ಹೊರಗೆ ಹೆಚ್ಚಿನ ಪ್ರಚಾರವಿರಲಿಲ್ಲ. 1970ರ ಸುಮಾರಿಗೆ ನವ್ಯ ಸಾಹಿತ್ಯದ ಲೇಖಕರು, ರಂಗಕರ್ಮಿಗಳು ಹಾಗೂ ಚಿತ್ರಕಲಾವಿದರು ಒಟ್ಟುಗೂಡಿ, ಹಾಡು ಮತ್ತು ತಾರಾಮೌಲ್ಯಗಳನ್ನು ಬಿಟ್ಟು, ಸಾಹಿತ್ಯಕೃತಿಗಳನ್ನು ಆಧರಿಸಿದ ಕಡಿಮೆ ವೆಚ್ಚದ ಚಿತ್ರಗಳನ್ನು ತಯಾರಿಸತೊಡಗಿದರು. ಈ ಪ್ರವೃತ್ತಿಯನ್ನು ಕನ್ನಡದ ಹೊಸ ಅಲೆಯ ಸಿನಿಮಾ ಎಂದು ಕರೆಯಲಾಗುತ್ತದೆ. ಅಂತರರಾಷ್ಟ್ರೀಯ ಉತ್ಸವಗಳಲ್ಲಿ ಕನ್ನಡಕ್ಕೆ ದೊರೆತ ಮನ್ನಣೆಯ ಆರಂಭ ಈ ಪ್ರವೃತ್ತಿಯಲ್ಲಿದೆ.

ಸಂಸ್ಕಾರ (1970)

ಯು.ಆರ್. ಅನಂತಮೂರ್ತಿಯವರು 1965ರಲ್ಲಿ ಪ್ರಕಟಿಸಿದ 'ಸಂಸ್ಕಾರ' ಕಾದಂಬರಿಯನ್ನು ಆಧರಿಸಿದ ಈ ಚಿತ್ರವನ್ನು ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿದರು. ಮೂಲತಃ ನೆಲ್ಲೂರಿನವರಾದ ರೆಡ್ಡಿಯವರು ತೆಲುಗಿನ ಕವಿಯೂ ಆಗಿದ್ದರು. ಚಿತ್ರಕಥೆಯನ್ನು ಬರೆದ ಗಿರೀಶ್ ಕಾರ್ನಾಡರೇ ಮುಖ್ಯ ಪಾತ್ರವಾದ ಪ್ರಾಣೇಶಾಚಾರ್ಯರ ಪಾತ್ರವನ್ನು ವಹಿಸಿದರು. ನಾರಣಪ್ಪನಾಗಿ ಲೇಖಕ ಪಿ. ಲಂಕೇಶ್, ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ ಅಭಿನಯಿಸಿದರು. ಆಸ್ಟ್ರೇಲಿಯದ ಟಾಮ್ ಕೋವನ್ ಛಾಯಾಗ್ರಹಣ ಮಾಡಿದರೆ, ಸರೋದ್ ವಾದಕ ರಾಜೀವ ತಾರಾನಾಥರು ಸಂಗೀತ ನೀಡಿದರು. ಚಿತ್ರೀಕರಣವು ಶೃಂಗೇರಿಯ ಸಮೀಪದ ವೈಕುಂಠಪುರದಲ್ಲಿ ನಡೆಯಿತು.

ಕಥೆಯ ಕೇಂದ್ರದಲ್ಲಿರುವುದು ಒಂದು ಶವಸಂಸ್ಕಾರದ ಪ್ರಶ್ನೆ. ಅಗ್ರಹಾರದ ಆಚಾರಗಳನ್ನೆಲ್ಲ ಧಿಕ್ಕರಿಸಿ ಬದುಕಿದ ನಾರಣಪ್ಪನು ಮಕ್ಕಳಿಲ್ಲದೆ ಸಾಯುತ್ತಾನೆ. ಅವನನ್ನು ಬಹಿಷ್ಕರಿಸಿರಲಿಲ್ಲವಾದುದರಿಂದ ಅವನ ಸಂಸ್ಕಾರವನ್ನು ಬ್ರಾಹ್ಮಣರೇ ಮಾಡಬೇಕು. ಮಾಡಿದರೆ ಮೈಲಿಗೆಯಾದೀತೆಂಬ ಭಯ ಎಲ್ಲರಿಗೂ ಇದೆ. ಶವವಿರುವವರೆಗೆ ಅಗ್ರಹಾರದಲ್ಲಿ ಯಾರೂ ಊಟ ಮಾಡುವಂತಿಲ್ಲ. ಶಾಸ್ತ್ರಗ್ರಂಥಗಳಲ್ಲಿ ಉತ್ತರ ಹುಡುಕುವ ಪ್ರಾಣೇಶಾಚಾರ್ಯರು ಸೋಲುತ್ತಾರೆ, ಮತ್ತು ಆ ಸೋಲೇ ಅವರ ಆತ್ಮಶೋಧನೆಗೆ ದಾರಿಯಾಗುತ್ತದೆ.

ಚಿತ್ರವು ಒಂದು ಸಮುದಾಯದ ಭಾವನೆಗಳಿಗೆ ಧಕ್ಕೆ ತರುತ್ತದೆಂಬ ಆಕ್ಷೇಪದ ಮೇಲೆ ಸೆನ್ಸಾರ್ ಮಂಡಳಿಯು ಅದಕ್ಕೆ ಮೊದಲು ಪ್ರಮಾಣಪತ್ರವನ್ನು ನಿರಾಕರಿಸಿತು. ನಿರ್ಬಂಧವು ಬಳಿಕ ತೆರವಾಯಿತು. 1970ನೆಯ ಸಾಲಿನ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ 'ಸಂಸ್ಕಾರ' ಅತ್ಯುತ್ತಮ ಕಥಾಚಿತ್ರವೆಂದು ಸ್ವರ್ಣಕಮಲ ಪಡೆಯಿತು. ಈ ಗೌರವ ಪಡೆದ ಮೊದಲ ಕನ್ನಡ ಚಿತ್ರ ಇದು. 1972ರಲ್ಲಿ ಲೊಕಾರ್ನೊ ಉತ್ಸವದಲ್ಲಿ ಚಿತ್ರಕ್ಕೆ ಕಂಚಿನ ಚಿರತೆ ಪ್ರಶಸ್ತಿ ದೊರೆಯಿತು. ತಾಯ್ನಾಡಿನಲ್ಲಿ ಪ್ರದರ್ಶನದ ಅನುಮತಿಗಾಗಿಯೇ ಹೋರಾಡಬೇಕಾಗಿದ್ದ ಚಿತ್ರವೊಂದು ಎರಡು ವರ್ಷಗಳೊಳಗೆ ಹೊರದೇಶದ ತೀರ್ಪುಗಾರರ ಮನ್ನಣೆ ಪಡೆದದ್ದು ಆ ಕಾಲದಲ್ಲಿ ಮಹತ್ವದ ಸಂಗತಿಯಾಗಿತ್ತು.

ಚಿತ್ರದ ನಾಯಕಿ ಸ್ನೇಹಲತಾ ರೆಡ್ಡಿಯವರನ್ನು ತುರ್ತು ಪರಿಸ್ಥಿತಿಯ ಕಾಲದಲ್ಲಿ 1976ರಲ್ಲಿ ಬಂಧಿಸಿ ಬೆಂಗಳೂರಿನ ಸೆರೆಮನೆಯಲ್ಲಿರಿಸಲಾಯಿತು. ಅಸ್ತಮಾದಿಂದ ಬಳಲುತ್ತಿದ್ದ ಅವರು ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ನಿಧನರಾದರು.

ಘಟಶ್ರಾದ್ಧ (1977)

ಪುಣೆಯ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯ ಪದವೀಧರರಾದ ಗಿರೀಶ್ ಕಾಸರವಳ್ಳಿಯವರು ನಿರ್ದೇಶಿಸಿದ ಮೊದಲ ಕಥಾಚಿತ್ರ 'ಘಟಶ್ರಾದ್ಧ'. ಇದೂ ಅನಂತಮೂರ್ತಿಯವರ ಕಥೆಯನ್ನು ಆಧರಿಸಿದುದು. ಎಸ್. ರಾಮಚಂದ್ರ ಅವರ ಛಾಯಾಗ್ರಹಣ ಮತ್ತು ಬಿ.ವಿ. ಕಾರಂತರ ಸಂಗೀತ ಚಿತ್ರಕ್ಕಿದೆ. ಮೀನಾ ಕುಟ್ಟಪ್ಪ ಯಮುನಕ್ಕನ ಪಾತ್ರವನ್ನೂ ಅಜಿತ್ ಕುಮಾರ್ ಬಾಲಕ ನಾಣಿಯ ಪಾತ್ರವನ್ನೂ ನಿರ್ವಹಿಸಿದ್ದಾರೆ.

ಮಲೆನಾಡಿನ ವೇದಪಾಠಶಾಲೆಯೊಂದರ ಗುರುಗಳಾದ ಉಡುಪರ ಮಗಳು ಯಮುನೆ ಬಾಲವಿಧವೆ. ಊರಿನ ಶಾಲಾಮಾಸ್ತರನ ಸಂಬಂಧದಿಂದ ಅವಳು ಗರ್ಭಿಣಿಯಾಗುತ್ತಾಳೆ. ವಿಷಯ ಬಯಲಾದ ಬಳಿಕ ತಂದೆಯು ಬದುಕಿರುವ ಮಗಳ ಹೆಸರಿನಲ್ಲಿ ಘಟಶ್ರಾದ್ಧ ನಡೆಸುತ್ತಾರೆ. ಜೀವಂತ ವ್ಯಕ್ತಿಯನ್ನು ಮೃತರೆಂದು ಭಾವಿಸಿ, ಗಡಿಗೆ ಒಡೆದು, ಜಾತಿಯಿಂದ ಹೊರಹಾಕುವ ವಿಧಿಗೆ ಘಟಶ್ರಾದ್ಧವೆಂದು ಹೆಸರು. ಈ ಘಟನೆಗಳೆಲ್ಲವನ್ನೂ ಚಿತ್ರವು ಪಾಠಶಾಲೆಗೆ ಹೊಸದಾಗಿ ಸೇರಿದ ನಾಣಿಯೆಂಬ ಬಾಲಕನ ಕಣ್ಣಿನಿಂದ ನೋಡುತ್ತದೆ.

'ಘಟಶ್ರಾದ್ಧ'ವು ಸ್ವರ್ಣಕಮಲವನ್ನು ಪಡೆಯಿತು. ಜರ್ಮನಿಯ ಮಾನ್‌ಹೈಮ್ ಚಲನಚಿತ್ರೋತ್ಸವದಲ್ಲಿ ಡುಕಾಟ್ ಪ್ರಶಸ್ತಿಗೆ ಪಾತ್ರವಾಯಿತು. ದಶಕಗಳು ಕಳೆದಂತೆ ಚಿತ್ರದ ಮೂಲಪ್ರತಿ ಶಿಥಿಲವಾಗುತ್ತ ಬಂದಿತು. ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸೆ ಸ್ಥಾಪಿಸಿದ ದಿ ಫಿಲ್ಮ್ ಫೌಂಡೇಶನ್ ಸಂಸ್ಥೆಯ ವಿಶ್ವ ಸಿನಿಮಾ ಯೋಜನೆಯ ಸಹಯೋಗದಲ್ಲಿ ಚಿತ್ರವನ್ನು ಪುನರುಜ್ಜೀವಗೊಳಿಸಲಾಯಿತು. ಹೀಗೆ ನವೀಕರಿಸಿದ ಪ್ರತಿಯನ್ನು 2024ರ ವೆನಿಸ್ ಉತ್ಸವದ ಅಭಿಜಾತ ಚಿತ್ರಗಳ ವಿಭಾಗದಲ್ಲಿ ಪ್ರದರ್ಶಿಸಲಾಯಿತು.

ಗುಲಾಬಿ ಟಾಕೀಸು, ಕನಸೆಂಬೋ ಕುದುರೆಯನೇರಿ ಮತ್ತು ಲೂಸಿಯ

ಕಾಸರವಳ್ಳಿಯವರ 'ಗುಲಾಬಿ ಟಾಕೀಸು' (2008) ವೈದೇಹಿಯವರ ಕಥೆಯನ್ನು ಆಧರಿಸಿದುದು. ಕರಾವಳಿಯ ಮೀನುಗಾರರ ಊರಿನಲ್ಲಿ ಸೂಲಗಿತ್ತಿಯಾಗಿರುವ, ಸಿನಿಮಾದ ಹುಚ್ಚು ಹತ್ತಿದ ಗುಲಾಬಿ ಎಂಬ ಮುಸ್ಲಿಂ ಹೆಂಗಸಿನ ಮನೆಗೆ ದೂರದರ್ಶನದ ಪೆಟ್ಟಿಗೆ ಬಂದಾಗ ನೆರೆಹೊರೆಯವರ ಸಂಬಂಧಗಳಲ್ಲಿ ಉಂಟಾಗುವ ಬದಲಾವಣೆ ಇದರ ವಸ್ತು. 2008ರಲ್ಲಿ ದೆಹಲಿಯಲ್ಲಿ ನಡೆದ ಏಷ್ಯಾ ಮತ್ತು ಅರಬ್ ಸಿನಿಮಾಗಳ ಓಶಿಯನ್ಸ್ ಸಿನೆಫ್ಯಾನ್ ಉತ್ಸವದ ಭಾರತೀಯ ಸ್ಪರ್ಧಾ ವಿಭಾಗದಲ್ಲಿ ಇದು ಅತ್ಯುತ್ತಮ ಚಿತ್ರವೆನಿಸಿತು. ಉಮಾಶ್ರೀ ಅವರು ಅಲ್ಲಿ ಅತ್ಯುತ್ತಮ ನಟಿ ಪ್ರಶಸ್ತಿಯನ್ನು ಪಡೆದರು. ಇದೇ ಪಾತ್ರಕ್ಕೆ ಅವರಿಗೆ ರಾಷ್ಟ್ರೀಯ ಪ್ರಶಸ್ತಿಯೂ ಲಭಿಸಿತು.

ಅಮರೇಶ ನುಗಡೋಣಿ ಅವರ ಕಥೆಯನ್ನು ಆಧರಿಸಿದ 'ಕನಸೆಂಬೋ ಕುದುರೆಯನೇರಿ' (2010) ಉತ್ತರ ಕರ್ನಾಟಕದ ಹಳ್ಳಿಯೊಂದರಲ್ಲಿ ಗುಣಿ ತೋಡುವ ಕಾಯಕದ ಈರ್ಯ ಮತ್ತು ಅವನ ಹೆಂಡತಿ ರುದ್ರಿಯ ಕಥೆ. ಕನಸಿನಲ್ಲಿ ಸಿದ್ಧನು ಕಾಣಿಸಿಕೊಂಡರೆ ಊರಿನಲ್ಲಿ ಒಂದು ಸಾವು ಸಂಭವಿಸುತ್ತದೆಂದು ಅವನು ನಂಬಿದ್ದಾನೆ. ವಾಣಿಜ್ಯ ಚಿತ್ರಗಳಲ್ಲಿ ಹಾಸ್ಯದ ಕಿರುಪಾತ್ರಗಳಿಗೇ ಸೀಮಿತರಾಗಿದ್ದ ವೈಜನಾಥ ಬಿರಾದಾರ ಅವರು ಈರ್ಯನ ಪಾತ್ರಕ್ಕಾಗಿ ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ನಡೆದ ಇಮ್ಯಾಜಿನ್ ಇಂಡಿಯಾ ಉತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿಗೆ ಪಾತ್ರರಾದರು.

ಪವನ್ ಕುಮಾರ್ ನಿರ್ದೇಶನದ 'ಲೂಸಿಯ' (2013) ಮೇಲಿನ ಚಿತ್ರಗಳಿಗಿಂತ ಭಿನ್ನವಾದ ಪರಂಪರೆಗೆ ಸೇರಿದುದು. ಹಾಡುಗಳನ್ನೂ ರೋಚಕ ಕಥೆಯನ್ನೂ ಒಳಗೊಂಡ ಈ ಚಿತ್ರಕ್ಕೆ ಬೇಕಾದ ಬಂಡವಾಳವನ್ನು ಅಂತರಜಾಲದ ಮೂಲಕ ಪ್ರೇಕ್ಷಕರಿಂದಲೇ ಸಂಗ್ರಹಿಸಲಾಯಿತು. 2013ರ ಲಂಡನ್ ಭಾರತೀಯ ಚಲನಚಿತ್ರೋತ್ಸವದಲ್ಲಿ ಇದು ಪ್ರೇಕ್ಷಕರ ಮೆಚ್ಚುಗೆಯ ಪ್ರಶಸ್ತಿ ಗಳಿಸಿತು.

ತಿಥಿ (2015)

'ತಿಥಿ'ಯು ರಾಮ್ ರೆಡ್ಡಿಯವರ ಮೊದಲ ಕಥಾಚಿತ್ರ. ಪ್ರಾಗ್ ನಗರದ ಚಲನಚಿತ್ರ ಶಾಲೆಯಲ್ಲಿ ತರಬೇತಿ ಪಡೆದ ಅವರು ಈರೇಗೌಡ ಅವರೊಂದಿಗೆ ಸೇರಿ ಕಥೆಯನ್ನು ರಚಿಸಿದರು. ಈರೇಗೌಡರ ಹುಟ್ಟೂರಾದ ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಗ್ರಾಮವೇ ಚಿತ್ರದ ನೆಲೆ. ಪಾತ್ರಧಾರಿಗಳು ವೃತ್ತಿನಟರಲ್ಲ, ಆ ಊರಿನ ಮತ್ತು ಸುತ್ತಲಿನ ಜನ. ಗಡ್ಡಪ್ಪನಾಗಿ ಚನ್ನೇಗೌಡ, ತಮ್ಮಣ್ಣನಾಗಿ ತಮ್ಮೇಗೌಡ, ಅಭಿಯಾಗಿ ಅಭಿಷೇಕ್, ಸೆಂಚುರಿಗೌಡನಾಗಿ ಸಿಂಗ್ರಿಗೌಡ ಮತ್ತು ಕಾವೇರಿಯಾಗಿ ಪೂಜಾ ಕಾಣಿಸಿಕೊಂಡಿದ್ದಾರೆ. ಡೋರೋನ್ ಟೆಂಪರ್ಟ್ ಛಾಯಾಗ್ರಹಣ ಮಾಡಿದ್ದಾರೆ.

ಊರಿನ ಹಿರಿಯನಾದ, ನೂರು ದಾಟಿದ ಸೆಂಚುರಿಗೌಡನು ದಾರಿಯಲ್ಲಿ ಕುಸಿದು ಸಾಯುವುದರೊಂದಿಗೆ ಚಿತ್ರ ಆರಂಭವಾಗುತ್ತದೆ. ಹನ್ನೊಂದನೆಯ ದಿನ ತಿಥಿ ಮಾಡಿ ಊರಿಗೆಲ್ಲ ಊಟ ಹಾಕಬೇಕು. ಆ ಹನ್ನೊಂದು ದಿನಗಳಲ್ಲಿ ಉಳಿದ ಮೂರು ತಲೆಮಾರುಗಳ ನಡವಳಿಕೆಯೇ ಕಥೆ. ಮಗ ಗಡ್ಡಪ್ಪನಿಗೆ ಆಸ್ತಿಯಲ್ಲಾಗಲಿ ವಿಧಿಗಳಲ್ಲಾಗಲಿ ಆಸಕ್ತಿಯಿಲ್ಲ. ಅವನು ಹೊಲಗಳ ನಡುವೆ ಅಲೆಯುತ್ತಿರುತ್ತಾನೆ. ಮೊಮ್ಮಗ ತಮ್ಮಣ್ಣನಿಗೆ ಪಿತ್ರಾರ್ಜಿತ ಜಮೀನನ್ನು ಮಾರುವ ಆತುರ. ಜಮೀನು ತನ್ನ ಹೆಸರಿಗೆ ಬರಬೇಕಾದರೆ ತಂದೆಯ ಸಹಿ ಬೇಕು, ಇಲ್ಲವೇ ತಂದೆಯ ಮರಣ ಪ್ರಮಾಣಪತ್ರ ಬೇಕು. ತಂದೆಯನ್ನು ಊರು ಬಿಡಿಸಿ, ಬದುಕಿರುವವನ ಹೆಸರಿನಲ್ಲಿ ಸುಳ್ಳು ಮರಣಪತ್ರ ಮಾಡಿಸಲು ಅವನು ಹೊರಡುತ್ತಾನೆ. ಮರಿಮಗ ಅಭಿಯ ಮನಸ್ಸೆಲ್ಲ ಕುರಿಗಾಹಿಗಳ ಗುಂಪಿನ ಕಾವೇರಿಯ ಹಿಂದಿರುತ್ತದೆ.

ಚಿತ್ರದ ಸಂಭಾಷಣೆಯು ಮಂಡ್ಯದ ಗ್ರಾಮೀಣ ಆಡುಮಾತಿನಲ್ಲಿದೆ. ನೆರೆಯ ಮೈಸೂರು ಜಿಲ್ಲೆಯ ನಂಜನಗೂಡು, ತಿರುಮಕೂಡಲು ನರಸೀಪುರ ತಾಲೂಕುಗಳ ಹಳ್ಳಿಗಳ ಮಾತೂ ಇದಕ್ಕೆ ಬಹಳ ಹತ್ತಿರವಾದುದು. ತಗಡೂರಿನಂತಹ ಊರುಗಳ ಪ್ರೇಕ್ಷಕರಿಗೆ ಚಿತ್ರದಲ್ಲಿ ಬರುವ ನಾಲೆಯ ಬಯಲು, ಕಬ್ಬಿನ ಗದ್ದೆ, ತಿಥಿಯೂಟದ ಸಿದ್ಧತೆ, ಜಮೀನಿನ ಪತ್ರಗಳಿಗಾಗಿ ಕಚೇರಿಗೆ ಅಲೆಯುವ ಪರಿ ಇವಾವುವೂ ಅಪರಿಚಿತವಲ್ಲ. ಆದರೂ ಕಥೆಯನ್ನು ಸ್ಥಳೀಯರಲ್ಲದವರಿಗಾಗಿ ಎಲ್ಲಿಯೂ ವಿವರಿಸಲಾಗಿಲ್ಲ.

2015ರ ಆಗಸ್ಟ್ ತಿಂಗಳಲ್ಲಿ ನಡೆದ 68ನೆಯ ಲೊಕಾರ್ನೊ ಉತ್ಸವದಲ್ಲಿ 'ತಿಥಿ'ಗೆ ಎರಡು ಪ್ರಶಸ್ತಿಗಳು ಬಂದವು. ಒಂದು, 'ವರ್ತಮಾನದ ಚಿತ್ರಕಾರರು' ಸ್ಪರ್ಧೆಯ ಸ್ವರ್ಣ ಚಿರತೆ. ಇನ್ನೊಂದು, ಉತ್ಸವದ ಎಲ್ಲ ವಿಭಾಗಗಳಲ್ಲಿನ ಮೊದಲ ಚಿತ್ರಗಳಿಗಾಗಿ ಇರುವ ಸ್ವಾಚ್ ಚೊಚ್ಚಲ ಚಿತ್ರ ಪ್ರಶಸ್ತಿ. ಆ ವರ್ಷ ಮುಖ್ಯ ಸ್ಪರ್ಧೆಯ ಸ್ವರ್ಣ ಚಿರತೆಯು ದಕ್ಷಿಣ ಕೊರಿಯದ ಹಾಂಗ್ ಸಾಂಗ್ ಸೂ ಅವರ ಚಿತ್ರಕ್ಕೆ ಸಂದಿತು. 'ತಿಥಿ'ಯ ಸ್ವರ್ಣ ಚಿರತೆಯನ್ನು ಅದರೊಂದಿಗೆ ಬೆರೆಸಬಾರದು. ಇವು ಒಂದೇ ಉತ್ಸವದ ಎರಡು ಪ್ರತ್ಯೇಕ ಸ್ಪರ್ಧೆಗಳು.

63ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ 'ತಿಥಿ' ಅತ್ಯುತ್ತಮ ಕನ್ನಡ ಚಿತ್ರವೆನಿಸಿತು. 2016ರ ಮೇ ತಿಂಗಳಲ್ಲಿ ಕರ್ನಾಟಕದ ಚಿತ್ರಮಂದಿರಗಳಲ್ಲಿ ಬಿಡುಗಡೆಯಾಗಿ ಜನಪ್ರಿಯವೂ ಆಯಿತು. ಉತ್ಸವಗಳಲ್ಲಿ ಗೆದ್ದ ಚಿತ್ರಗಳು ಊರಿನ ಜನರಿಗೆ ಅರ್ಥವಾಗುವುದಿಲ್ಲವೆಂಬ ಸಾಮಾನ್ಯ ಅಭಿಪ್ರಾಯಕ್ಕೆ ಇದು ಅಪವಾದವಾಯಿತು. ಗಡ್ಡಪ್ಪ ಮತ್ತು ಸೆಂಚುರಿಗೌಡ ಪಾತ್ರಧಾರಿಗಳು ಅದೇ ಹೆಸರುಗಳಿಂದ ಪ್ರಸಿದ್ಧರಾಗಿ, ಮುಂದೆ ಹಲವು ವಾಣಿಜ್ಯ ಚಿತ್ರಗಳಲ್ಲಿಯೂ ಕಾಣಿಸಿಕೊಂಡರು.

ಬಳೆಕೆಂಪ (2018)

'ತಿಥಿ'ಯ ಸಹಲೇಖಕ ಈರೇಗೌಡ ಅವರು ನಿರ್ದೇಶಿಸಿದ ಮೊದಲ ಚಿತ್ರ 'ಬಳೆಕೆಂಪ'. ಹಳ್ಳಿಹಳ್ಳಿ ತಿರುಗಿ ಬಳೆ ಮಾರುವ ಕೆಂಪಣ್ಣ ಮತ್ತು ಅವನ ಹೆಂಡತಿ ಸೌಭಾಗ್ಯ ಇವರಿಗೆ ಮಕ್ಕಳಿಲ್ಲ. ಆ ಕೊರತೆಯ ಕುರಿತು ಮನೆಯವರು ಮತ್ತು ಊರಿನವರು ತರುವ ಒತ್ತಡ, ದಂಪತಿಗಳು ಬಾಯಿಬಿಟ್ಟು ಹೇಳದ ಸಂಗತಿಗಳು ಚಿತ್ರದಲ್ಲಿ ನಿಧಾನವಾಗಿ ತೆರೆದುಕೊಳ್ಳುತ್ತವೆ. ನೆದರ್‌ಲೆಂಡ್ಸ್‌ನ ರಾಟರ್‌ಡ್ಯಾಮ್ ಉತ್ಸವದಲ್ಲಿ 2018ರಲ್ಲಿ ಈ ಚಿತ್ರಕ್ಕೆ ವಿಮರ್ಶಕರ ಒಕ್ಕೂಟದ ಫಿಪ್ರೆಸ್ಕಿ ಪ್ರಶಸ್ತಿ ದೊರೆಯಿತು.

ಪೆದ್ರೊ (2021)

ನಟೇಶ್ ಹೆಗಡೆ ನಿರ್ದೇಶನದ 'ಪೆದ್ರೊ' ಉತ್ತರ ಕನ್ನಡದ ಮಲೆನಾಡಿನ ಹಳ್ಳಿಯಲ್ಲಿ ವಿದ್ಯುತ್ ತಂತಿಗಳ ದುರಸ್ತಿ ಮಾಡುವ ಮಧ್ಯವಯಸ್ಕನೊಬ್ಬನನ್ನು ಕುರಿತದ್ದು. ಅವನಿಂದ ನಡೆದ ಒಂದು ತಪ್ಪಿನ ನಂತರ ಊರು ಅವನನ್ನು ಹಂತಹಂತವಾಗಿ ದೂರಮಾಡುತ್ತದೆ. ಮುಖ್ಯ ಪಾತ್ರವನ್ನು ನಿರ್ದೇಶಕರ ತಂದೆ ಗೋಪಾಲ ಹೆಗಡೆಯವರೇ ವಹಿಸಿದ್ದಾರೆ. ನಟ ಹಾಗೂ ನಿರ್ದೇಶಕ ರಿಷಬ್ ಶೆಟ್ಟಿ ಚಿತ್ರವನ್ನು ನಿರ್ಮಿಸಿದರು. 2021ರಲ್ಲಿ ಬುಸಾನ್ ಉತ್ಸವದ ನ್ಯೂ ಕರೆಂಟ್ಸ್ ಸ್ಪರ್ಧೆಯಲ್ಲಿ ಮೊದಲ ಪ್ರದರ್ಶನ ಕಂಡ ಈ ಚಿತ್ರಕ್ಕಾಗಿ, ಅದೇ ವರ್ಷ ಚೀನಾದ ಪಿಂಗ್ಯಾವೊ ಉತ್ಸವದಲ್ಲಿ ನಟೇಶ್ ಹೆಗಡೆ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿಯನ್ನು ಪಡೆದರು. ಅವರ ಮುಂದಿನ ಚಿತ್ರ 'ವಾಘಾಚಿಪಾಣಿ' 2025ರಲ್ಲಿ ಬರ್ಲಿನ್ ಉತ್ಸವದ ಫೋರಮ್ ವಿಭಾಗದಲ್ಲಿ ಪ್ರದರ್ಶಿತವಾಯಿತು.

ಶಿವಮ್ಮ (2022)

'ಶಿವಮ್ಮ ಯರೇಹಂಚಿನಾಳ' ಎಂಬುದು ಜೈಶಂಕರ್ ಆರ್ಯರ್ ಅವರ ಮೊದಲ ಚಿತ್ರ. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳ ಗ್ರಾಮದಲ್ಲಿ ನಡೆಯುವ ಕಥೆಯಲ್ಲಿ ಶಾಲೆಯ ಬಿಸಿಯೂಟದ ಅಡುಗೆಯವಳಾದ ಶಿವಮ್ಮ ಕುಟುಂಬದ ಬಡತನವನ್ನು ನೀಗಿಸುವ ಆಸೆಯಿಂದ ಸರಪಳಿ ಮಾರಾಟದ ಜಾಲವೊಂದನ್ನು ಸೇರುತ್ತಾಳೆ. ಶಕ್ತಿವರ್ಧಕವೆಂದು ಹೇಳಲಾಗುವ ಪೇಯವನ್ನು ನೆಂಟರಿಷ್ಟರಿಗೆ ಮಾರಲು ಹೊರಟು, ಕೂಡಿಟ್ಟ ಹಣವನ್ನೂ ಊರಿನವರ ವಿಶ್ವಾಸವನ್ನೂ ಪಣಕ್ಕಿಡುತ್ತಾಳೆ. ಶಿವಮ್ಮನ ಪಾತ್ರವನ್ನು ಶರಣಮ್ಮ ಚಟ್ಟಿ ನಿರ್ವಹಿಸಿದ್ದಾರೆ. ಉತ್ತರ ಕರ್ನಾಟಕದ ಆಡುಮಾತನ್ನು ಯಥಾವತ್ತಾಗಿ ಬಳಸಲಾಗಿದೆ.

2022ರ ಬುಸಾನ್ ಉತ್ಸವದಲ್ಲಿ ಈ ಚಿತ್ರವು ದಕ್ಷಿಣ ಕೊರಿಯದ ಮತ್ತೊಂದು ಚಿತ್ರದೊಂದಿಗೆ ನ್ಯೂ ಕರೆಂಟ್ಸ್ ಪ್ರಶಸ್ತಿಯನ್ನು ಹಂಚಿಕೊಂಡಿತು. ಕರ್ನಾಟಕದ ಚಿತ್ರಮಂದಿರಗಳಿಗೆ ಬಂದದ್ದು 2024ರ ಜೂನ್ ತಿಂಗಳಲ್ಲಿ.

ಕಾನ್ ಉತ್ಸವದಲ್ಲಿ ಕನ್ನಡ ಕಿರುಚಿತ್ರ (2024)

'ಸನ್‌ಫ್ಲವರ್ಸ್ ವೇರ್ ದಿ ಫಸ್ಟ್ ಒನ್ಸ್ ಟು ನೋ' ಎಂಬ ಹೆಸರಿನ ಕನ್ನಡ ಕಿರುಚಿತ್ರವನ್ನು ಚಿದಾನಂದ ಎಸ್. ನಾಯ್ಕ ನಿರ್ದೇಶಿಸಿದರು. ಸೂರ್ಯಕಾಂತಿ ಹೂಗಳಿಗೇ ಮೊದಲು ತಿಳಿಯಿತು ಎಂಬುದು ಈ ಹೆಸರಿನ ಅರ್ಥ. ಮೈಸೂರಿನಲ್ಲಿ ವೈದ್ಯಕೀಯ ಶಿಕ್ಷಣ ಪಡೆದ ನಾಯ್ಕ ಅವರು ಬಳಿಕ ಪುಣೆಯ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯನ್ನು ಸೇರಿ, ಅಲ್ಲಿನ ವ್ಯಾಸಂಗದ ಭಾಗವಾಗಿ ಈ ಚಿತ್ರವನ್ನು ಮಾಡಿದರು. ಚಿತ್ರೀಕರಣಕ್ಕೆ ದೊರೆತದ್ದು ನಾಲ್ಕು ದಿನ. ಚಿತ್ರದ ಅವಧಿ ಸುಮಾರು 16 ನಿಮಿಷ.

ಕರ್ನಾಟಕದಲ್ಲಿ ಪ್ರಚಲಿತವಾಗಿರುವ ಒಂದು ಜನಪದ ಕಥೆ ಚಿತ್ರದ ಆಧಾರ. ಮುದುಕಿಯೊಬ್ಬಳು ಊರಿನ ಹುಂಜವನ್ನು ಕದ್ದೊಯ್ಯುತ್ತಾಳೆ. ಹುಂಜ ಕೂಗದೆ ಬೆಳಗಾಗುವುದಿಲ್ಲ. ಊರು ಕತ್ತಲಲ್ಲಿ ಮುಳುಗುತ್ತದೆ. ಹುಂಜವನ್ನು ಮರಳಿ ತರುವ ಸಲುವಾಗಿ ಮುದುಕಿಯ ಮನೆಯವರನ್ನು ಊರಿನಿಂದ ಹೊರಹಾಕಲಾಗುತ್ತದೆ.

ಆ ವರ್ಷ ಲಾ ಸಿನೆಫ್ ವಿಭಾಗಕ್ಕೆ 555 ಚಲನಚಿತ್ರ ಶಾಲೆಗಳಿಂದ 2,263 ಚಿತ್ರಗಳು ಬಂದಿದ್ದವು. ಅವುಗಳಲ್ಲಿ 18 ಚಿತ್ರಗಳು ಸ್ಪರ್ಧೆಗೆ ಆಯ್ಕೆಯಾದವು. ಪ್ರಥಮ ಬಹುಮಾನವಾದ 15,000 ಯೂರೊ ಈ ಕನ್ನಡ ಚಿತ್ರಕ್ಕೆ ದೊರೆಯಿತು. ಅದೇ ವರ್ಷದ ಕಾನ್ ಉತ್ಸವದಲ್ಲಿ ಪಾಯಲ್ ಕಪಾಡಿಯಾ ನಿರ್ದೇಶನದ ಚಿತ್ರವು ಮುಖ್ಯ ಸ್ಪರ್ಧೆಯ ಗ್ರ್ಯಾಂಡ್ ಪ್ರಿ ಗಳಿಸಿದುದರಿಂದ, ಭಾರತೀಯ ಸಿನಿಮಾದ ದೃಷ್ಟಿಯಿಂದ ಅದು ಗಮನಾರ್ಹ ವರ್ಷವಾಯಿತು.

ಪ್ರಮುಖ ಪ್ರಶಸ್ತಿಗಳ ಪಟ್ಟಿ

• 1972 – ಸಂಸ್ಕಾರ – ಪಟ್ಟಾಭಿರಾಮ ರೆಡ್ಡಿ – ಲೊಕಾರ್ನೊ – ಕಂಚಿನ ಚಿರತೆ
• 2008 – ಗುಲಾಬಿ ಟಾಕೀಸು – ಗಿರೀಶ್ ಕಾಸರವಳ್ಳಿ – ಓಶಿಯನ್ಸ್ ಸಿನೆಫ್ಯಾನ್, ದೆಹಲಿ – ಭಾರತೀಯ ಸ್ಪರ್ಧೆಯ ಅತ್ಯುತ್ತಮ ಚಿತ್ರ, ಅತ್ಯುತ್ತಮ ನಟಿ (ಉಮಾಶ್ರೀ)
• 2013 – ಲೂಸಿಯ – ಪವನ್ ಕುಮಾರ್ – ಲಂಡನ್ ಭಾರತೀಯ ಚಲನಚಿತ್ರೋತ್ಸವ – ಪ್ರೇಕ್ಷಕರ ಮೆಚ್ಚುಗೆಯ ಪ್ರಶಸ್ತಿ
• 2015 – ತಿಥಿ – ರಾಮ್ ರೆಡ್ಡಿ – ಲೊಕಾರ್ನೊ – ಸ್ವರ್ಣ ಚಿರತೆ (ವರ್ತಮಾನದ ಚಿತ್ರಕಾರರು ವಿಭಾಗ), ಸ್ವಾಚ್ ಚೊಚ್ಚಲ ಚಿತ್ರ ಪ್ರಶಸ್ತಿ
• 2018 – ಬಳೆಕೆಂಪ – ಈರೇಗೌಡ – ರಾಟರ್‌ಡ್ಯಾಮ್ – ಫಿಪ್ರೆಸ್ಕಿ ಪ್ರಶಸ್ತಿ
• 2021 – ಪೆದ್ರೊ – ನಟೇಶ್ ಹೆಗಡೆ – ಪಿಂಗ್ಯಾವೊ – ಅತ್ಯುತ್ತಮ ನಿರ್ದೇಶಕ
• 2022 – ಶಿವಮ್ಮ – ಜೈಶಂಕರ್ ಆರ್ಯರ್ – ಬುಸಾನ್ – ನ್ಯೂ ಕರೆಂಟ್ಸ್ ಪ್ರಶಸ್ತಿ
• 2024 – ಸನ್‌ಫ್ಲವರ್ಸ್ ವೇರ್ ದಿ ಫಸ್ಟ್ ಒನ್ಸ್ ಟು ನೋ (ಕಿರುಚಿತ್ರ) – ಚಿದಾನಂದ ಎಸ್. ನಾಯ್ಕ – ಕಾನ್ – ಲಾ ಸಿನೆಫ್ ಪ್ರಥಮ ಬಹುಮಾನ

ಇವಲ್ಲದೆ 'ಘಟಶ್ರಾದ್ಧ'ವು ಮಾನ್‌ಹೈಮ್‌ನಲ್ಲಿ, 'ಕನಸೆಂಬೋ ಕುದುರೆಯನೇರಿ'ಯ ನಟ ವೈಜನಾಥ ಬಿರಾದಾರ ಮ್ಯಾಡ್ರಿಡ್‌ನಲ್ಲಿ ಪ್ರಶಸ್ತಿ ಪಡೆದುದನ್ನು ಮೇಲೆ ಹೇಳಲಾಗಿದೆ. ಪಟ್ಟಿಯು ಸಮಗ್ರವಾದುದಲ್ಲ, ಈ ಲೇಖನದಲ್ಲಿ ವಿವರಿಸಿದ ಚಿತ್ರಗಳಿಗೆ ಮಾತ್ರ ಸೀಮಿತವಾಗಿದೆ.

ಸಾಮಾನ್ಯ ಲಕ್ಷಣಗಳು

ಮೇಲಿನ ಚಿತ್ರಗಳನ್ನು ಒಟ್ಟಾಗಿ ಗಮನಿಸಿದಾಗ ಕೆಲವು ಸಮಾನ ಅಂಶಗಳು ಕಂಡುಬರುತ್ತವೆ.

ಮೊದಲನೆಯದು ವಸ್ತು. ಲೊಕಾರ್ನೊದಲ್ಲಿ 43 ವರ್ಷಗಳ ಅಂತರದಲ್ಲಿ ಗೆದ್ದ ಎರಡು ಚಿತ್ರಗಳ ಹೆಸರೂ ಮರಣೋತ್ತರ ವಿಧಿಗೆ ಸಂಬಂಧಿಸಿದುದು. 'ಘಟಶ್ರಾದ್ಧ'ದ ಹೆಸರೂ ಅಂತಹದೇ. 'ಕನಸೆಂಬೋ ಕುದುರೆಯನೇರಿ'ಯ ನಾಯಕನ ಕಾಯಕವೂ ಸಾವಿಗೆ ಸೇರಿದುದು. ಆದರೆ ವಿಧಿಯ ಅರ್ಥ ಪ್ರತಿ ಚಿತ್ರದಲ್ಲಿಯೂ ಬೇರೆಯಾಗಿದೆ. 'ಸಂಸ್ಕಾರ'ದಲ್ಲಿ ಸತ್ತವನಿಗೆ ಸಂಸ್ಕಾರ ದೊರೆಯುವುದಿಲ್ಲ. 'ಘಟಶ್ರಾದ್ಧ'ದಲ್ಲಿ ಬದುಕಿರುವವಳಿಗೆ ಶ್ರಾದ್ಧ ನಡೆಯುತ್ತದೆ. 'ತಿಥಿ'ಯಲ್ಲಿ ಬದುಕಿರುವ ತಂದೆಯನ್ನು ಕಾಗದದ ಮೇಲೆ ಸಾಯಿಸುವ ಪ್ರಯತ್ನವಾಗುತ್ತದೆ. ಮೊದಲ ಎರಡು ಚಿತ್ರಗಳಲ್ಲಿ ಶಾಸ್ತ್ರವೂ ಜಾತಿಯ ಕಟ್ಟಳೆಯೂ ಮನುಷ್ಯನ ಸ್ಥಾನವನ್ನು ನಿರ್ಧರಿಸಿದರೆ, ಮೂರನೆಯದರಲ್ಲಿ ಆ ಅಧಿಕಾರ ಜಮೀನಿನ ದಾಖಲೆಗೆ ಹೋಗಿದೆ.

ಎರಡನೆಯದು ಭಾಷೆ. 'ಸಂಸ್ಕಾರ' ಮತ್ತು 'ಘಟಶ್ರಾದ್ಧ'ಗಳು ಸಾಹಿತ್ಯಕೃತಿಗಳಿಂದ ಬಂದವು. 2015ರ ನಂತರದ ಚಿತ್ರಗಳಲ್ಲಿ ಹೆಚ್ಚಿನವು ಊರಿನ ಜೀವನದಿಂದ ನೇರವಾಗಿ ರೂಪುಗೊಂಡವು. ಮಂಡ್ಯ, ಶಿರಸಿಯ ಕಡೆಯ ಮಲೆನಾಡು, ಕೊಪ್ಪಳ ಹೀಗೆ ಒಂದೊಂದು ಪ್ರದೇಶದ ಆಡುಮಾತು ಒಂದೊಂದು ಚಿತ್ರದಲ್ಲಿ ದಾಖಲಾಗಿದೆ. ಗ್ರಾಂಥಿಕ ಕನ್ನಡದಿಂದ ದೂರವಿರುವ ಈ ಮಾತುಗಳು ಉಪಶೀರ್ಷಿಕೆಗಳ ಮೂಲಕ ಬೇರೆ ದೇಶಗಳ ಪ್ರೇಕ್ಷಕರನ್ನು ತಲುಪಿವೆ.

ಮೂರನೆಯದು ನಟವರ್ಗ. ವೃತ್ತಿನಟರ ಬದಲು ಊರಿನವರನ್ನೇ ಪಾತ್ರಗಳಿಗೆ ಆರಿಸಿಕೊಳ್ಳುವ ಪದ್ಧತಿ 'ತಿಥಿ'ಯ ಅನಂತರ ಹೆಚ್ಚು ಗಮನ ಸೆಳೆಯಿತು. ಇದರಿಂದ ವೆಚ್ಚ ಕಡಿಮೆಯಾಗುವುದಲ್ಲದೆ, ಕೆಲಸ ಮಾಡುವ ಕೈಗಳು, ನಡಿಗೆ ಮತ್ತು ಮಾತಿನ ಲಯ ಸಹಜವಾಗಿ ಮೂಡುತ್ತವೆ.

ಪ್ರಶಸ್ತಿಗಳ ಉಲ್ಲೇಖದಲ್ಲಿ ಗಮನಿಸಬೇಕಾದ ಅಂಶಗಳು

ಉತ್ಸವವೊಂದಕ್ಕೆ ಆಯ್ಕೆಯಾಗುವುದು, ಅಲ್ಲಿ ಸ್ಪರ್ಧಿಸುವುದು ಮತ್ತು ಪ್ರಶಸ್ತಿ ಪಡೆಯುವುದು ಮೂರು ಬೇರೆ ಬೇರೆ ಸಂಗತಿಗಳು. ಜಾಹೀರಾತುಗಳಲ್ಲಿ ಚಿತ್ರದ ಹೆಸರಿನ ಸುತ್ತ ಮುದ್ರಿಸುವ ಎಲೆಗಳ ಚಿಹ್ನೆಯು ಬಹುಮಾನವನ್ನೇ ಸೂಚಿಸಬೇಕೆಂದಿಲ್ಲ. ಕೇವಲ ಆಯ್ಕೆಯಾದುದನ್ನೂ ಸೂಚಿಸಬಹುದು. ಉತ್ಸವದ ಸಮಯದಲ್ಲಿ ಅದೇ ನಗರದ ಮಾರುಕಟ್ಟೆ ವಿಭಾಗದಲ್ಲಿ ಶುಲ್ಕ ಕೊಟ್ಟು ನಡೆಸುವ ಪ್ರದರ್ಶನವು ಉತ್ಸವದ ಅಧಿಕೃತ ಪ್ರದರ್ಶನವಲ್ಲ. ಪ್ರವೇಶ ಶುಲ್ಕ ಪಡೆದು ಪ್ರತಿ ತಿಂಗಳು ಹತ್ತಾರು ಚಿತ್ರಗಳಿಗೆ ಪ್ರಶಸ್ತಿಪತ್ರ ನೀಡುವ ಅಂತರಜಾಲದ ಸ್ಪರ್ಧೆಗಳೂ ತಮ್ಮನ್ನು ಅಂತರರಾಷ್ಟ್ರೀಯ ಉತ್ಸವಗಳೆಂದು ಕರೆದುಕೊಳ್ಳುತ್ತವೆ. ಆದುದರಿಂದ ಚಿತ್ರವೊಂದರ ಸಾಧನೆಯನ್ನು ದಾಖಲಿಸುವಾಗ ಉತ್ಸವದ ಹೆಸರು, ವರ್ಷ, ವಿಭಾಗ ಮತ್ತು ಪ್ರಶಸ್ತಿಯ ಹೆಸರು ಈ ನಾಲ್ಕನ್ನೂ ನಮೂದಿಸುವುದು ಸರಿಯಾದ ಕ್ರಮ.

ಪ್ರದರ್ಶನ ಮತ್ತು ಸಂರಕ್ಷಣೆ

ಪ್ರಶಸ್ತಿ ಪಡೆದ ಚಿತ್ರಗಳು ಕನ್ನಡ ಪ್ರೇಕ್ಷಕರನ್ನು ತಲುಪುವುದು ಯಾವಾಗಲೂ ಸುಲಭವಾಗಿಲ್ಲ. 'ಶಿವಮ್ಮ' ಬುಸಾನ್‌ನಲ್ಲಿ ಗೆದ್ದ ಸುಮಾರು 20 ತಿಂಗಳ ನಂತರ ಕರ್ನಾಟಕದಲ್ಲಿ ಬಿಡುಗಡೆಯಾಯಿತು. ತಾರಾನಟರಿಲ್ಲದ ಚಿತ್ರಗಳಿಗೆ ಚಿತ್ರಮಂದಿರಗಳು ದೊರೆಯುವುದು ಕಷ್ಟ. ದೊರೆತರೂ ದಿನಕ್ಕೆ ಒಂದೆರಡು ಪ್ರದರ್ಶನಗಳಿಗೆ ಸೀಮಿತವಾಗುತ್ತವೆ. ತಾಲೂಕು ಕೇಂದ್ರಗಳ ಏಕಪರದೆಯ ಚಿತ್ರಮಂದಿರಗಳು ಒಂದೊಂದಾಗಿ ಮುಚ್ಚುತ್ತಿರುವುದರಿಂದ, ಯಾವ ಹಳ್ಳಿಗಳ ಬದುಕನ್ನು ಈ ಚಿತ್ರಗಳು ತೋರಿಸುತ್ತವೆಯೋ ಆ ಹಳ್ಳಿಗಳ ಜನ ಅವುಗಳನ್ನು ದೊಡ್ಡ ಪರದೆಯ ಮೇಲೆ ನೋಡುವ ಅವಕಾಶ ಕಡಿಮೆಯಾಗುತ್ತಿದೆ. ಬೆಂಗಳೂರು ಅಂತರರಾಷ್ಟ್ರೀಯ ಚಲನಚಿತ್ರೋತ್ಸವ, ಚಿತ್ರಸಮಾಜಗಳು ಹಾಗೂ ಕಾಲೇಜುಗಳ ಪ್ರದರ್ಶನಗಳು ಈ ಕೊರತೆಯನ್ನು ಭಾಗಶಃ ತುಂಬುತ್ತಿವೆ.

ಸಂರಕ್ಷಣೆಯೂ ಅಷ್ಟೇ ಮುಖ್ಯವಾದ ಪ್ರಶ್ನೆ. ಸೆಲ್ಯುಲಾಯ್ಡ್ ಸುರುಳಿಗಳನ್ನು ತಂಪಾದ, ತೇವವಿಲ್ಲದ ಕೊಠಡಿಗಳಲ್ಲಿ ಇಡದಿದ್ದರೆ ಅವು ಕುಗ್ಗಿ, ಬಣ್ಣಗೆಟ್ಟು, ಕೊನೆಗೆ ಉಪಯೋಗಕ್ಕೆ ಬಾರದಂತಾಗುತ್ತವೆ. 'ಸತಿ ಸುಲೋಚನ'ದ ಪ್ರತಿ ಇಂದು ಲಭ್ಯವಿಲ್ಲ. ಡಿಜಿಟಲ್ ಚಿತ್ರಗಳಿಗೂ ಕಾಲಕಾಲಕ್ಕೆ ಹೊಸ ಸಂಗ್ರಹ ಸಾಧನಗಳಿಗೆ ವರ್ಗಾಯಿಸುವ ಅಗತ್ಯವಿದೆ. ತೀರ್ಪುಗಾರರ ನಿರ್ಣಯ ಒಂದು ವರ್ಷದ ಸುದ್ದಿಯಾಗಿ ಮುಗಿಯುತ್ತದೆ. ಚಿತ್ರ ಉಳಿಯಬೇಕಾದರೆ ಅದರ ಮೂಲಪ್ರತಿ ಉಳಿಯಬೇಕು. 1977ರ 'ಘಟಶ್ರಾದ್ಧ'ವನ್ನು 47 ವರ್ಷಗಳ ಬಳಿಕ ಹೊಸ ತಲೆಮಾರಿನ ಪ್ರೇಕ್ಷಕರು ವೆನಿಸ್‌ನಲ್ಲಿ ನೋಡಲು ಸಾಧ್ಯವಾದದ್ದು ಅಂತಹ ಕಾಳಜಿಯಿಂದಲೇ.